ಷಡ್ಡಕನಿಗೊಂದು ಬಚ್ಚಲುಮನೆ

ಎವರಿಸ್ತೊ ತನ್ನ ಷಡ್ಡಕನನ್ನು ಮೊದಲ ಸಲ ಕಂಡದ್ದು ಇಪ್ಪತ್ತಾರು ವರ್ಷಗಳ ಹಿಂದೆ, ಆಗಸ್ಟ್ ಒಂದನೆಯ ತಾರೀಕು, ಮಧ್ಯಾಹ್ನ ಒಂದೂಕಾಲಿಗೆ, ಟೊರೆಸಾಲ್ ಬಸ್ ನಿಲ್ದಾಣದಲ್ಲಿ. ಮ್ಯಾಡ್ರಿಡ್ ಬಸ್ಸಿನಿಂದ ಮೊದಲು ಇಳಿದದ್ದು ಒಂದು ದೊಡ್ಡ ಬಿಸಿಲುಕೊಡೆ. ಅದರ ಹಿಂದೆ ಮಡಚುವ ಕುರ್ಚಿ. ಕುರ್ಚಿಯ ಹಿಂದೆ, ಆ ಉರಿಬಿಸಿಲಿನಲ್ಲೂ ಕಪ್ಪು ಕಾಲುಚೀಲ ಮತ್ತು ತೊಗಲಿನ ಬೂಟು ತೊಟ್ಟ ಲೆಯಾಂದ್ರೊ. ಎವರಿಸ್ತೊನ ಹೆಂಡತಿ ಫೆರ್ಮಿನಾಳ ಅಕ್ಕ ಒರ್ತೆನ್ಸಿಯಾಳನ್ನು ಆಗಷ್ಟೇ ಮದುವೆಯಾಗಿದ್ದವನು. ಎವರಿಸ್ತೊ ಕೈ ಚಾಚಿದ. ಲೆಯಾಂದ್ರೊ ಆ ಕೈಯನ್ನು ಹಾಗೆಯೇ ಬಿಟ್ಟು, ಅದರಾಚೆ ಕಾಣುತ್ತಿದ್ದ ಸಮುದ್ರವನ್ನು ಎಡದಿಂದ ಬಲಕ್ಕೆ ಒಮ್ಮೆ ನೋಡಿದ.

"ಪರವಾಗಿಲ್ಲ. ಇನ್ನೂ ಸ್ವಲ್ಪ ಹತ್ತಿರ ಇರಬೇಕಿತ್ತು" ಎಂದ.

(ಮ್ಯಾಡ್ರಿಡ್‌ನಲ್ಲಿ ಸಮುದ್ರವಿಲ್ಲ. ಆದರೆ ಸಮುದ್ರ ಹೇಗಿರಬೇಕೆಂಬ ವಿಷಯದಲ್ಲಿ ಅಲ್ಲಿನವರಿಗೆ ಯಾವ ಅನುಮಾನವೂ ಇಲ್ಲ.)

ಅಂದು ಸಂಜೆಯೊಳಗೆ ಲೆಯಾಂದ್ರೊ ಮೂರು ತಲೆಮಾರಿನ ಬೆಸ್ತರ ಮನೆಯವನಾದ ಎವರಿಸ್ತೊನಿಗೆ ಮೀನು ಸುಡುವುದನ್ನು ಕಲಿಸಿದ. ದೋಣಿ ಎಂಜಿನ್ ರಿಪೇರಿಯನ್ನೇ ಕಸುಬಾಗಿ ಮಾಡಿಕೊಂಡವನಿಗೆ ಎಂಜಿನ್ ಎಂದರೇನು ಎಂದು ವಿವರಿಸಿದ. ಅಂದಿನಿಂದ ಪ್ರತಿ ವರ್ಷವೂ ಆಗಸ್ಟಿನ ಮೊದಲ ಹದಿನೈದು ದಿನ ಅವನದೇ. ಟೊರೆಸಾಲ್‌ಗೆ ಫಿನೀಷಿಯನ್ನರು ಬಂದರು, ಹೋದರು. ರೋಮನ್ನರು, ಅರಬರು, ಕಡಲ್ಗಳ್ಳರು ಎಲ್ಲರೂ ಬಂದರು, ಹೋದರು. ಮುಂದಿನ ವರ್ಷ ಇದೇ ತಾರೀಕಿಗೆ ಬರುತ್ತೇನೆಂದು ಮೊದಲೇ ಹೇಳಿ ಹೋದ ದಂಡನಾಯಕ ಲೆಯಾಂದ್ರೊ ಒಬ್ಬನೇ.

ಹದಿನೈದು ದಿನವನ್ನು ಮನುಷ್ಯ ಹೇಗೋ ಹಲ್ಲು ಕಚ್ಚಿಕೊಂಡು ಕಳೆದಾನು. ಆದರೆ ಈ ವರ್ಷ ಮಾರ್ಚಿನಲ್ಲಿ ಫೆರ್ಮಿನಾ ಟೆಲಿಫೋನ್ ಇಟ್ಟು ಅಡುಗೆಮನೆಯಿಂದ ಹೊರಬಂದಾಗ ಅವಳ ಮುಖದಲ್ಲಿ ಹಬ್ಬದ ಕಳೆ ಇತ್ತು.

"ಭಾವ ರಿಟೈರ್ ಆದ್ರಂತೆ! ಇನ್ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೂ ನಮ್ಮಲ್ಲೇ ಇರ್ತಾರಂತೆ."

"ನಾಲ್ಕು ತಿಂಗಳಾ?"

"ಒಂದೇ ಒಂದು ಮಾತು ಹೇಳಿದ್ರು ಪಾಪ. ಒಂದು ಬಚ್ಚಲುಮನೇಲಿ ನಾಲ್ಕು ಜನಕ್ಕೆ ಆಗಲ್ಲ, ಇನ್ನೊಂದು ಆಗೋದಾದ್ರೆ ಮಾತ್ರ ಬರ್ತೀವಿ, ಇಲ್ದಿದ್ರೆ ಎಂದಿನಂತೆ ಹದಿನೈದೇ ದಿನ ಅಂತ. ಹಿತ್ತಲಲ್ಲಿ ಕಟ್ಟಿಸಿಬಿಡೋಣ. ಏನಂತೀಯ?"

ಎವರಿಸ್ತೊ ಹೂಂ ಎಂದ. ಫೆರ್ಮಿನಾಳಿಗೆ "ಬೇಡ" ಎನ್ನುವುದಕ್ಕಿಂತ ರೋಮನ್ ಸಾಮ್ರಾಜ್ಯವನ್ನೇ ನಿದ್ದೆಯಿಂದ ಎಬ್ಬಿಸುವುದು ಸುಲಭ. ಹಾಗೆ ಅಂದುಕೊಳ್ಳುತ್ತಿರುವಾಗಲೇ ಅವನಿಗೆ ಆ ದಿವ್ಯವಾದ ಉಪಾಯ ಹೊಳೆದದ್ದು.

ಟೊರೆಸಾಲ್‌ನಲ್ಲಿ ಒಂದು ಮೊಳ ಅಗೆದರೆ ಸಾಕು, ಇತಿಹಾಸ ಸಿಗುತ್ತದೆ. ಸಿಕ್ಕಿದ್ದು ನಗರಸಭೆಗೆ ಗೊತ್ತಾದರೆ ಕೆಲಸ ಅಲ್ಲಿಗೇ ನಿಂತಿತು. ಮೂಲೆಯ ಬ್ರೆಡ್ಡಿನವನು ಒಲೆ ಹಾಕಿಸಲು ಅಗೆದು ಒಂಬತ್ತು ವರ್ಷವಾಯಿತು; ಇನ್ನೂ ಮಾವನ ಕಾರ್ ಶೆಡ್ಡಿನಲ್ಲೇ ಬ್ರೆಡ್ಡು ಮಾರುತ್ತಿದ್ದಾನೆ. ಆದ್ದರಿಂದ ಊರಿನ ನಿಯಮ ಒಂದೇ: ಕಂಡದ್ದನ್ನು ಕಾಣದಿರುವುದು. ಕ್ಷೌರದಂಗಡಿಯ ಕೈತೊಳೆಯುವ ತೊಟ್ಟಿಯ ಹಿಂದೆ ಅರಬರ ಕಂಬವಿದೆ, ಯಾರೂ ಕಂಡಿಲ್ಲ. ಗಾರೆಯವರನ್ನು ಇಲ್ಲಿ ಕೈಚಳಕ ನೋಡಿ ಗೊತ್ತುಮಾಡುವುದಿಲ್ಲ, ಕಣ್ಣು ಎಷ್ಟು ಕುರುಡು ಎಂದು ನೋಡಿ ಗೊತ್ತುಮಾಡುತ್ತಾರೆ.

ಎವರಿಸ್ತೊನ ರಿಪೇರಿ ಶೆಡ್ಡಿನಲ್ಲಿ ಯಾವಾಗಲೋ ಯಾರದೋ ಬಲೆಗೆ ಸಿಕ್ಕ ಹಳೆಯ ಹೂಜಿಯ ಅರ್ಧ ಬಿದ್ದಿತ್ತು. ಸಿಗರೇಟಿನ ಬೂದಿ ಕೊಡವಲು ಅನುಕೂಲವಾಗಿತ್ತು. ಗಾರೆ ಕೆಲಸದ ಕ್ರಿಸಾಂತೊ ಹಿತ್ತಲಲ್ಲಿ ಗುಂಡಿ ತೋಡಿ ಊಟಕ್ಕೆ ಹೋದಾಗ ಎವರಿಸ್ತೊ ಆ ಹೂಜಿಯ ಕತ್ತನ್ನು ಮುರಿದು ಗುಂಡಿಯಲ್ಲಿ, ಕುರುಡನಿಗೂ ಕಾಣುವಂತೆ ನೆಟ್ಟ.

ಸಂಜೆ ನೋಡಿದರೆ ಗುಂಡಿಯ ಆ ಮೂಲೆಗೆ ಕಾಂಕ್ರೀಟು ಬಿದ್ದಿತ್ತು. ಕ್ರಿಸಾಂತೊ ಹತ್ತಿರ ಬಂದು ದನಿ ತಗ್ಗಿಸಿದ.

"ಅಣ್ಣಾ, ಒಂದು ಸಿಕ್ಕಿತ್ತು. ಮುಗಿಸಿಬಿಟ್ಟೆ. ನೀವು ನಿಶ್ಚಿಂತೆಯಿಂದ ಮಲಗಿ."

"ಅಯ್ಯೋ, ಯಾಕೆ ಮುಗಿಸ್ದೆ? ಅದು ಇತಿಹಾಸ ಅಲ್ವೇನಯ್ಯ?"

"ಇತ್ತು ಅಣ್ಣಾ. ಈಗ ಕಾಂಕ್ರೀಟು."

ಮರುದಿನ ಎವರಿಸ್ತೊ ಉಳಿದ ಹೂಜಿಯನ್ನು ಇನ್ನೊಂದು ಮೂಲೆಯಲ್ಲಿ ಕೂರಿಸಿ, ಕ್ರಿಸಾಂತೊ ಬರುತ್ತಲೇ "ಅಗೋ! ಅದೇನು ಅಲ್ಲಿ?" ಎಂದು ಕೂಗಿದ.

ಕ್ರಿಸಾಂತೊ ಸುತ್ತಮುತ್ತಲ ಕಿಟಕಿಗಳನ್ನು ನೋಡಿ, ಹೂಜಿಯ ಮೇಲೆ ತನ್ನ ಅಂಗಿ ಹೊದಿಸಿದ. "ಯಾವುದಣ್ಣಾ? ನಂಗೇನೂ ಕಾಣ್ತಿಲ್ಲ. ಮೂವತ್ತು ವರ್ಷದಿಂದ ಒಬ್ಬ ಗಿರಾಕಿಗೂ ದ್ರೋಹ ಮಾಡಿಲ್ಲ ನಾನು, ನಿಮಗೆ ಮಾಡ್ತೀನಾ?" ಎಂದು ಕಣ್ಣಲ್ಲಿ ನೀರು ತಂದುಕೊಂಡ.

ಪ್ರಾಮಾಣಿಕರಿಂದ ಈ ಲೋಕದಲ್ಲಿ ಎಷ್ಟು ಅನರ್ಥವಾಗುತ್ತದೆ ಎಂದು ಎವರಿಸ್ತೊನಿಗೆ ಅಂದು ಅರಿವಾಯಿತು. ಅವನು ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ನೇರವಾಗಿ ನಗರಸಭೆಗೆ ಹೋದ.

"ಮನೆ ಕೆಲಸದಲ್ಲಿ ಹಳೇ ಸಾಮಾನು ಸಿಕ್ಕಿದೆ. ಮುಚ್ಚಿಡ್ತಿದಾರೆ. ದೂರು ಕೊಡ್ಬೇಕು."

ಗುಮಾಸ್ತೆ ಕಾಫಿ ಹೀರುತ್ತ ಕಾಗದ ಎಳೆದುಕೊಂಡಳು. ಇಂಥ ದೂರು ಅವಳಿಗೆ ದಿನಕ್ಕೆರಡು ಬರುತ್ತಿದ್ದವು. "ಯಾರ ಮನೆ? ಪಕ್ಕದ್ದಾ, ಎದುರಿನದ್ದಾ?"

"ನಂದೇ."

ಗುಮಾಸ್ತೆ ಕಾಫಿ ಕೆಳಗಿಟ್ಟಳು. ಒಳಗಿನ ಕೋಣೆಯಿಂದ ಇಬ್ಬರನ್ನು ಕರೆದು ಅವನನ್ನು ತೋರಿಸಿದಳು.

ಪುರಾತತ್ವದ ನೂರಿಯಾ ಮರುದಿನವೇ ಬಂದಳು. ಮೂವತ್ತರ ಹುಡುಗಿ; ಜೇಬಿನ ತುಂಬ ಕುಂಚಗಳು. ಹೂಜಿಯನ್ನು ಎತ್ತಿ, ಒಳಗೆ ಇಣುಕಿ, ಮೂಸಿ ನೋಡಿದಳು.

"ಸ್ವಾಮಿ, ರೋಮನ್ನರು ಬಹಳ ಮುಂದುವರಿದ ಜನ, ನಿಜ. ಆದ್ರೆ ಫಿಲ್ಟರ್ ಸಿಗರೇಟು ಸೇದ್ತಿರ್ಲಿಲ್ಲ."

ಫೆರ್ಮಿನಾ ಗಂಡನ ಕಡೆ ತಿರುಗಿದಳು. ಆ ನೋಟಕ್ಕೆ ಹಿಂದೆ ಎರಡು ಪಿಂಗಾಣಿ ಬಟ್ಟಲು ಬಿರುಕು ಬಿಟ್ಟದ್ದುಂಟು.

"ನಮ್ಮಕ್ಕ ಬರ್ಬಾರ್ದು ಅಂತ ಇಷ್ಟೆಲ್ಲಾ ಮಾಡಿದ್ಯಾ?"

"ಅಕ್ಕ ಬರ್ಲಿ ಕಣೇ! ಅಕ್ಕನ ವಿಷಯ ಅಲ್ಲ..."

"ಹಾಗಾದ್ರೆ ಯಾರ ವಿಷಯ?"

ಅಷ್ಟರಲ್ಲಿ, ನಗುತ್ತ ಹೊರಟಿದ್ದ ನೂರಿಯಾಳ ಬೂಟು ಗುಂಡಿಯ ಅಂಚಿಗೆ ತಾಗಿ ಮಣ್ಣು ಜಾರಿತು. ಒಳಗೆ ನಸುಗೆಂಪು ಗಾರೆ ಕಾಣಿಸಿತು. ಅವಳು ನಗು ನಿಲ್ಲಿಸಿ ಮೊಣಕಾಲೂರಿ ಕುಳಿತಳು. ಸಂಜೆಯ ಹೊತ್ತಿಗೆ ಎವರಿಸ್ತೊನ ಹಿತ್ತಲಲ್ಲಿ ರೋಮನ್ನರು ಮೀನಿನ ಗೊಜ್ಜು ಹುಳಿಯಿಡುತ್ತಿದ್ದ ಮೂರು ತೊಟ್ಟಿಗಳು ಬಾಯಿ ತೆರೆದು ಮಲಗಿದ್ದವು.

"ಬಚ್ಚಲುಮನೆ?" ಎಂದು ಫೆರ್ಮಿನಾ ಕ್ಷೀಣವಾಗಿ ಕೇಳಿದಳು.

"ಬಚ್ಚಲುಮನೇನಾ? ಒಂದು ಮೊಳೇನೂ ಹೊಡೆಯೋ ಹಾಗಿಲ್ಲಮ್ಮ ಇಲ್ಲಿ."

ಎವರಿಸ್ತೊ ಮುಖವನ್ನು ಆದಷ್ಟು ಶೋಕದಲ್ಲಿಟ್ಟುಕೊಂಡು ಶೆಡ್ಡಿಗೆ ಹೋಗಿ, ಬಾಗಿಲು ಹಾಕಿಕೊಂಡು, ಒಂದು ಬಾಟಲಿ ವೈನ್ ತೆಗೆದು ಜೂಲಿಯಸ್ ಸೀಸರನ ಆರೋಗ್ಯಕ್ಕೆ ಕುಡಿದ. ಫೆರ್ಮಿನಾ ಅಕ್ಕನಿಗೆ ಫೋನ್ ಮಾಡಿ ಅತ್ತಳು. ಅತ್ತದ್ದೇ ತಪ್ಪಾಯಿತು.

ಎರಡನೆಯ ದಿನ ಮ್ಯಾಡ್ರಿಡ್ ಬಸ್ಸಿನಿಂದ ಲೆಯಾಂದ್ರೊ ಇಳಿದ. ಆಗಿನ್ನೂ ಏಪ್ರಿಲ್.

"ಭಾವ, ಬಚ್ಚಲು ಆಗ್ಲಿಲ್ಲ" ಎಂದು ಎವರಿಸ್ತೊ ಬಾಗಿಲಲ್ಲೇ ತಡೆದ. "ತುಂಬಾ ಬೇಜಾರಾಯ್ತು. ಇನ್ನು ಆಗೋ ಹಾಗೂ ಇಲ್ಲ."

"ಬಚ್ಚಲು ಯಾರಿಗಪ್ಪಾ ಬೇಕು! ಎರಡು ಸಾವಿರ ವರ್ಷದ ಇತಿಹಾಸ ಇಟ್ಕೊಂಡು ಬಚ್ಚಲು ಬಚ್ಚಲು ಅಂತೀಯಲ್ಲ. ಸರಿ ಸ್ವಲ್ಪ" ಎಂದು ಅವನನ್ನು ಪಕ್ಕಕ್ಕೆ ತಳ್ಳಿ, ಲೆಯಾಂದ್ರೊ ಹಿತ್ತಲಿಗೆ ನಡೆದ. ಹೋದವನೇ ನೂರಿಯಾಳಿಗೆ ಕುಂಚ ಹಿಡಿಯುವ ಕ್ರಮ ತೋರಿಸಿದ. ಒಂದು ವಾರ ಅವಳು ತಾಳಿಕೊಂಡಳು. ಎಂಟನೆಯ ದಿನ ನಗರಸಭೆಗೆ ಹೋಗಿ, ಈ ಮನುಷ್ಯ ತೊಟ್ಟಿಯೊಳಗೆ ಇಳಿಯದಂತೆ ಇವನಿಗೆ ಏನಾದರೂ ಗೌರವದ ಕೆಲಸ ಕೊಡಿ ಎಂದು ಕೈಮುಗಿದಳು. ನಗರಸಭೆ ಕೊಟ್ಟಿತು. ಕೊರಳಿಗೊಂದು ಬಿಲ್ಲೆಯನ್ನೂ ಕೊಟ್ಟಿತು.

ಎವರಿಸ್ತೊನಿಗೆ ತಡೆಯಲಾಗಲಿಲ್ಲ. "ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಾನೇ ಭಾವ?" ಎಂದು ನಾಲ್ಕು ತಿಂಗಳಿಗೆ ತಾನೇ ಬೇಡಿಕೊಳ್ಳುವ ಸ್ಥಿತಿಗೆ ಬಂದ.

"ಇತಿಹಾಸಕ್ಕೆ ರಜಾ ಇದೆಯೇನಯ್ಯಾ?" ಎಂದ ಲೆಯಾಂದ್ರೊ. ಒರ್ತೆನ್ಸಿಯಾ ಮ್ಯಾಡ್ರಿಡ್ ಮನೆಯನ್ನು ಬಾಡಿಗೆಗೆ ಕೊಟ್ಟು, ಚಳಿಗಾಲದ ಕೋಟುಗಳ ಸಮೇತ ಬಂದಳು. ಮನೆಯಲ್ಲಿ ಬಚ್ಚಲು ಅದೇ ಒಂದು. ಈಗ ತೊಟ್ಟಿ ನೋಡಲು ಬಂದವರೂ ಅದರ ಮುಂದೆ ಸಾಲು ನಿಲ್ಲುತ್ತಾರೆ, ಮನೆಯ ಯಜಮಾನನನ್ನು "ನೀವು ನಮ್ಮ ಹಿಂದೆ ಬಂದವರು" ಎಂದು ಹಿಂದಕ್ಕೆ ಕಳಿಸುತ್ತಾರೆ.

ಲೆಯಾಂದ್ರೊ ಈಗ ಸೋಮವಾರವೊಂದನ್ನು ಬಿಟ್ಟು ದಿನವೂ ಬೆಳಿಗ್ಗೆ ಹತ್ತರಿಂದ ಎರಡರವರೆಗೆ ಎವರಿಸ್ತೊನ ಹಿತ್ತಲಲ್ಲಿ ನಿಂತು, ರೋಮನ್ನರು ಮೀನಿನ ಗೊಜ್ಜನ್ನು ನಿಜವಾಗಿ ಹೇಗೆ ಮಾಡಬೇಕಿತ್ತು ಎಂದು ಜನಕ್ಕೆ ವಿವರಿಸುತ್ತಾನೆ.