ಬೀಗರಿಗೆ ಹೇಳಬಾರದ ಪಾಸ್‌ವರ್ಡ್

ನನ್ನ ಮಾನ ಯಾವತ್ತೂ ಬೇರೆಯವರಿಂದ ಹೋಗಿದ್ದಿಲ್ಲ. "ನನಗೆ ಬಿಡಿ, ನಾನು ನೋಡ್ಕೋತೀನಿ" ಅಂತ ಬಾಯಿ ಬಿಟ್ಟಾಗಲೇ ಅರ್ಧ ಹೋಗಿರುತ್ತೆ, ಮಿಕ್ಕಿದ್ದು ಕೆಲಸಕ್ಕೆ ಕೈ ಹಾಕಿದಾಗ ಹೋಗುತ್ತೆ. ಗುಬ್ಬಿಯ ಕಚೇರಿಯಲ್ಲಿ ಗುಮಾಸ್ತನಾಗಿದ್ದಾಗಲೂ ಹೀಗೇ, ರಿಟೈರ್ ಆಗಿ ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಮನೆ ಮಾಡಿದ ಮೇಲೂ ಹೀಗೇ. ಆದರೆ ಥಾಯ್ಲೆಂಡಿನ ಐದು ದಿನದಲ್ಲಿ ಹೋದಷ್ಟು ಮಾನ ಇಡೀ ಸರ್ವೀಸಲ್ಲಿ ಹೋಗಿರಲಿಲ್ಲ. ಬರೆಯೋಕೆ ನಾಚಿಕೆ ಆಗುತ್ತೆ. ಹೆಂಡತಿ ಬೀದಿಗೆಲ್ಲ ಹೇಳ್ಕೊಂಡು ಬರೋದಕ್ಕಿಂತ ಮುಂಚೆ ನಾನೇ ಬರೆದುಬಿಡೋದು ವಾಸಿ.

೧. ನೆಟ್ ವಿಷಯ ನನಗೆ ಬುಡಿ

ಮಗಳ ಮದುವೆಯಾಗಿ ಎಂಟು ತಿಂಗಳಾಗಿತ್ತು. ಅವಳ ಮಾವ, ಅಂದ್ರೆ ನಮ್ಮ ಬೀಗರು, ಕುಣಿಗಲ್‌ನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾರೆ. ಮದುವೆ ಟೈಮಲ್ಲಿ ಎರಡೂ ಮನೆಗೆ ಸ್ವಲ್ಪ ಮುನಿಸಾಗಿತ್ತು. ಅದು ಹೋಗಲಿ ಅಂತ ಮಗಳು ಅಳಿಯ ಸೇರಿ ನಾವಿಬ್ಬರು, ಬೀಗರು, ಬೀಗಿತ್ತಿ ನಾಲ್ಕೂ ಜನಕ್ಕೆ ಥಾಯ್ಲೆಂಡ್ ಟೂರ್ ಬುಕ್ ಮಾಡಿದರು.

ಹೊರಡೋ ವಾರ ಕುಣಿಗಲ್ ಮನೆಯಲ್ಲಿ ಊಟ ಮಾಡಿ ಕೂತಿದ್ವಿ. ಅಳಿಯ, "ಎಲ್ಲರ ಫೋನಿಗೂ ರೋಮಿಂಗ್ ಹಾಕಿಸ್ತೀನಿ" ಅಂದ. ನಾನು ಸುಮ್ಮನಿರಬಹುದಿತ್ತು.

"ಯಾಕಪ್ಪ ದಂಡ? ಅಲ್ಲಿ ಏರ್‌ಪೋರ್ಟಲ್ಲೇ ಟೂರಿಸ್ಟ್ ಸಿಮ್ ಸಿಗುತ್ತೆ. ನಾನೊಬ್ಬ ಹಾಕಿಸ್ಕೊಂಡು ಹಾಟ್‌ಸ್ಪಾಟ್ ಆನ್ ಮಾಡಿದ್ರೆ ಎಲ್ಲರಿಗೂ ನೆಟ್ ಬರುತ್ತೆ. ಬೀಗ್ರೆ, ನೆಟ್ ವಿಷಯ ನನಗೆ ಬುಡಿ."

"ನೀವಿರುವಾಗ ನಮಗೇನು ಯೋಚನೆ" ಅಂದರು ಬೀಗರು. ಆ ಒಂದು ಮಾತಿಗೆ ನಾನು ಉಬ್ಬಿಹೋದೆ.

ಬಸ್ಸಲ್ಲಿ ತುಮಕೂರಿಗೆ ವಾಪಸ್ ಬರುವಾಗ ಹೆಂಡತಿ ಕೇಳಿದಳು. "ರೀ, ನಿಮಗೆ ಆ ಹಾಟ್‌ಸ್ಪಾಟ್ ಆನ್ ಮಾಡೋಕೆ ಬರುತ್ತಾ?"

"ಬರುತ್ತೆ ಕಣೇ."

"ಆಫ್ ಮಾಡೋಕೆ?"

"ಅದನ್ನ ಮಗಳನ್ನ ಕೇಳ್ಬೇಕು" ಅಂದೆ.

೨. ಒಂದು ಬಸ್ಸಿನ ಸಿಟ್ಟು

ಬ್ಯಾಂಕಾಕ್ ಏರ್‌ಪೋರ್ಟಿನ ಸಿಮ್ ಕೌಂಟರಲ್ಲಿದ್ದ ಹೆಣ್ಣುಮಗಳು ನನ್ನ ಪಾಸ್‌ಪೋರ್ಟ್ ನೋಡಿದಳು, ಫೋಟೋ ತೆಗೆದಳು, ಹಳೇ ಸಿಮ್ಮನ್ನ ಒಂದು ಕಾರ್ಡಿಗೆ ಟೇಪ್ ಹಾಕಿ ಅಂಟಿಸಿ ಕೈಗೆ ಕೊಟ್ಟಳು. ಎರಡೇ ನಿಮಿಷಕ್ಕೆ ನೆಟ್ ಬಂತು. ನಾನು ಅಂಗಿ ಕಾಲರ್ ಸರಿಮಾಡ್ಕೊಂಡು ಹಾಟ್‌ಸ್ಪಾಟ್ ಆನ್ ಮಾಡಿದೆ.

ಬೀಗರು ಫೋನ್ ಹಿಡಿದು ನಿಂತರು. "ಪಾಸ್‌ವರ್ಡ್ ಹೇಳಿ ಬೀಗ್ರೆ, ಒತ್ಕೋತೀನಿ."

ಹೇಳೋಕೆ ತೆಗೆದ ಬಾಯನ್ನ ಹಾಗೇ ಮುಚ್ಚಿದೆ. ಕಾರಣ ಇದೆ. ಬೀಗರೂಟಕ್ಕೆ ನಮ್ಮ ಕಡೆಯಿಂದ ಎರಡು ಬಸ್ ಜನ ಕುಣಿಗಲ್‌ಗೆ ಬರ್ತೀವಿ ಅಂತ ನಾನು ಹೇಳಿದ್ದೆ. ಅವರು, "ಒಂದು ಬಸ್ ಸಾಕು ಬೀಗ್ರೆ, ಜಾಗ ಸಾಲಲ್ಲ" ಅಂದುಬಿಟ್ಟಿದ್ದರು. ಬೆಳ್ಳಾವಿ ಕಡೆ ನೆಂಟರನ್ನೆಲ್ಲ ಬಿಟ್ಟು ಹೋಗಬೇಕಾಯ್ತು. ಬಾಡೂಟ ತಪ್ಪಿಸಿದ ಅಂತ ಅವರು ಇವತ್ತಿಗೂ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಅದೇ ವಾರ ನಾನು ಹೊಸ ಫೋನ್ ತಗೊಂಡಿದ್ದೆ. ಹಾಟ್‌ಸ್ಪಾಟಿಗೆ ಏನಾದ್ರೂ ಪಾಸ್‌ವರ್ಡ್ ಇಡಿ ಅಂದಾಗ, ಯಾರು ನೋಡ್ತಾರೆ ಅಂತ ಇಂಗ್ಲಿಷ್ ಅಕ್ಷರದಲ್ಲಿ "ಒಂದ್ ಬಸ್ ಜಿಪುಣ" ಅಂತ ಒತ್ತಿದ್ದೆ.

ಈಗ ಆ ಒಂದು ಬಸ್ಸಿನವರೇ ಎದುರಿಗೆ ನಿಂತು ಕೇಳ್ತಾವ್ರೆ. ನನ್ನ ಮಾನ ಹಾಳಾಗಲಿ, ಇದು ಗೊತ್ತಾದ್ರೆ ನನ್ನ ಮಗಳು ಆ ಮನೆಯಲ್ಲಿ ತಲೆ ಎತ್ಕೊಂಡು ಓಡಾಡೋದು ಹೇಗೆ?

"ಕೊಡಿ ಬೀಗ್ರೆ, ನಾನೇ ಹಾಕ್ತೀನಿ. ನೀವ್ಯಾಕೆ ತೊಂದರೆ ತಗೋತೀರಾ" ಅಂತ ಅವರ ಫೋನ್ ಇಸ್ಕೊಂಡು, ಕಂಬದ ಕಡೆ ತಿರುಗಿ ಒತ್ತಿದೆ. ಅವಸರಕ್ಕೆ ಎರಡು ಸಲ ತಪ್ಪಾಯ್ತು.

ಬೀಗಿತ್ತಿ ಗಂಡನಿಗೆ ಹೇಳ್ತಿದ್ದದ್ದು ಕೇಳಿಸ್ತು. "ನೋಡಿ, ಒಂದು ಬಟನ್ ಒತ್ತೋ ಕಷ್ಟಾನೂ ನಮಗೆ ಕೊಡಲ್ಲ. ಇಂಥ ಬೀಗರು ಸಿಗೋಕೆ ಪುಣ್ಯ ಮಾಡಿರ್ಬೇಕು."

೩. ಬಾಗಿಲಾಚೆ

ಹಾಟ್‌ಸ್ಪಾಟ್ ಹತ್ತಿಪ್ಪತ್ತು ಹೆಜ್ಜೆ ದೂರಕ್ಕೆ ಮಾತ್ರ ಬರೋದು ಅಂತ ನನಗೆ ಗೊತ್ತಿರಲಿಲ್ಲ. ಬೀಗರಿಗೆ ಒಂದೇ ದಿನಕ್ಕೆ ಗೊತ್ತಾಯ್ತು. ಹೋಟೆಲ್ಲಿನ ವೈಫೈ ಹೆಸರಿಗೆ ಮಾತ್ರ ಇತ್ತು, ಹಾಗಾಗಿ ಆಮೇಲೆ ನಾನು ಹೋದಲ್ಲೆಲ್ಲ ಅವರು. ನಾನು ಎಳನೀರು ಕುಡಿಯೋಕೆ ನಿಂತ್ರೆ ಅವರಿಗೆ ಬಾಯಾರಿಕೆ ಇಲ್ಲದಿದ್ರೂ ನಿಲ್ತಿದ್ರು. ನಾನು ಒಂದು ದೇವಸ್ಥಾನದ ಮೆಟ್ಟಿಲು ಹತ್ತಿದ್ರೆ ಮಂಡಿ ನೋವಿದ್ರೂ ಹತ್ತೋರು. ಬೈಯೋಕೂ ಆಗಲ್ಲ, ಬೀಗರು. ನೆಟ್ ನಾನು ಕೊಡ್ತೀನಿ ಅಂತ ನಂಬಿಸಿದವನೂ ನಾನೇ.

ಮೂರನೇ ದಿನ ಮಧ್ಯಾಹ್ನ ಹೋಟೆಲ್ಲಿನ ಊಟ ನನಗೆ ಒಗ್ಗಲಿಲ್ಲ. ಲಾಬಿಯಲ್ಲಿ ಬೀಗರು ಕುಣಿಗಲ್‌ಗೆ ವಿಡಿಯೋ ಕಾಲ್ ಮಾಡಿ, ಮನೆಮಂದಿಗೆಲ್ಲ ಈಜುಕೊಳ ತೋರಿಸ್ತಿದ್ರು. ನಾನು ಮೆಲ್ಲಗೆ ಎದ್ದು ಟಾಯ್ಲೆಟ್ಟಿಗೆ ಹೋದೆ. ಕೂತು ಅರ್ಧ ನಿಮಿಷ ಆಗಿರಲಿಲ್ಲ, ಬಾಗಿಲು ತಟ್ಟಿದರು.

"ಬೀಗ್ರೆ, ಇನ್ನೂ ಸ್ವಲ್ಪ ಹೊತ್ತು ಇರ್ತೀರಾ?"

"ಇರ್ತೀನಿ ಬೀಗ್ರೆ" ಅಂದೆ. ಇನ್ನೇನು ಹೇಳೋದು.

"ಹಂಗಿದ್ರೆ ನಾನೂ ಇಲ್ಲೇ ನಿಂತಿರ್ತೀನಿ. ನಿಧಾನವಾಗಿ ಮುಗಿಸಿ, ಕಾಲ್ ನಡೀತಾ ಇದೆ."

ಬಾಗಿಲಾಚೆ ನನ್ನ ಮಗಳ ದನಿ ಕೇಳಿಸ್ತು. "ಮಾವ, ಅಪ್ಪ ಎಲ್ಲಿ? ಕಾಣ್ತಾನೇ ಇಲ್ಲ."

"ಒಳಗೆ ಕೂತವ್ರಮ್ಮ. ಈಗ ನೆಟ್ ಬರ್ತಿರೋದು ಅಲ್ಲಿಂದಲೇ" ಅಂದರು ಬೀಗರು.

೪. ದೊಡ್ಡ ಮನಸ್ಸು

ಅವತ್ತು ಸಂಜೆ ಬೀಗಿತ್ತಿ, "ನನ್ನ ಫೋನಿಗೂ ಹಾಕ್ಕೊಡಿ ಅಣ್ಣ, ಪಾಸ್‌ವರ್ಡ್ ಒಂದು ಚೀಟೀಲಿ ಬರೆದುಕೊಡಿ ಸಾಕು" ಅಂದರು. ಇನ್ನು ತಪ್ಪಿಸ್ಕೊಳ್ಳೋಕೆ ಆಗಲ್ಲ, ಪಾಸ್‌ವರ್ಡನ್ನೇ ಬದಲಾಯಿಸೋಣ ಅಂತ ರೂಮಿಗೆ ಬಂದು ಸೆಟ್ಟಿಂಗ್ ತೆಗೆದೆ. ಎಲ್ಲಿ ಏನು ಒತ್ತಿದೆನೋ, ನೆಟ್ಟೇ ಹೋಯ್ತು, ಪಾಸ್‌ವರ್ಡ್ ಮಾತ್ರ ಹಾಗೇ ಉಳೀತು.

ಹೆಂಡತಿಗೆ ವಿಷಯ ಹೇಳಲೇಬೇಕಾಯ್ತು. ಪಾಸ್‌ವರ್ಡ್ ಕೇಳಿ ಅವಳು ಹಣೆ ಹಣೆ ಬಡ್ಕೊಂಡಳು. "ನಿಮ್ಮ ಕೈಗೆ ಫೋನ್ ಕೊಟ್ಟೋರಿಗೆ ಬುದ್ಧಿ ಇಲ್ಲ. ಮಗಳ ಬಾಳು ಹಾಳು ಮಾಡ್ತೀರಾ."

ಹೋಟೆಲ್ ಪಕ್ಕದಲ್ಲೇ ಒಂದು ಮೊಬೈಲ್ ಅಂಗಡಿ ಇತ್ತು. ಬೀಗರೂ ಬೀಗಿತ್ತಿಯೂ ಜೊತೆಗೇ ಬಂದರು, ಒಬ್ಬನೇ ಹೋಗೋಕೆ ಬಿಡಲಿಲ್ಲ. ಅಂಗಡಿಯಾಕೆ ಪುಣ್ಯಾತ್ಗಿತ್ತಿ, ಐದು ನಿಮಿಷದಲ್ಲಿ ನೆಟ್ ಸರಿಮಾಡಿದಳು. ಅಷ್ಟಕ್ಕೇ ಬಿಡಲಿಲ್ಲ. ನಾನು ಮರೆತಿದ್ದೀನಿ ಅಂದ್ಕೊಂಡು ಹಾಟ್‌ಸ್ಪಾಟಿನ ಪಾಸ್‌ವರ್ಡ್ ತೆಗೆದು, ಒಂದು ಹಾಳೆ ಮೇಲೆ ಸ್ಕೆಚ್ ಪೆನ್ನಲ್ಲಿ ದಪ್ಪದಾಗಿ ಬರೆದು, ಕೌಂಟರಿನಾಚೆಯಿಂದ ನಗುತ್ತಾ ನೀಡಿದಳು. ಹತ್ತಿರ ಇದ್ದದ್ದು ಬೀಗಿತ್ತಿಯ ಕೈ.

ನಾನು ಅವರ ಬೆರಳಿಂದ ಹಾಳೆ ಕಿತ್ಕೊಂಡೆ. ಹೌದು, ಬೀಗಿತ್ತಿ ಕೈಯಿಂದ ಕಿತ್ಕೊಂಡೆ. ಮುದ್ದೆ ಮಾಡಿ ಜೇಬಿಗೆ ತುರುಕಿದೆ. ಹೆಂಡತಿ ನೆಲ ನೋಡ್ತಾ ನಿಂತಳು.

ಬೀಗಿತ್ತಿಯ ಕಣ್ಣು ತೇವ ಆಯ್ತು. "ಬಿಲ್ ನೋಡೋಕೂ ಬಿಡಲ್ಲವಲ್ಲ ಅಣ್ಣ ನೀವು. ನಿಮ್ಮದು ಎಷ್ಟು ದೊಡ್ಡ ಮನಸ್ಸು" ಅಂದರು. ಅವರ ಫೋನಿಗೂ ನಾನೇ ಒತ್ತಿಕೊಟ್ಟೆ.

ನನಗೆ ಅವತ್ತು ಆದಷ್ಟು ನಾಚಿಕೆ ಹಿಂದೆ ಆಗಿಲ್ಲ. ಯಾರಾದ್ರೂ ಬೈದಿದ್ರೆ ಎಷ್ಟೋ ಸುಖ ಇರ್ತಿತ್ತು. ಒಂದು ಬಸ್ ಜನ ಕಮ್ಮಿ ಕರೆದದ್ದಕ್ಕೆ ಇಷ್ಟು ಒಳ್ಳೆಯವರನ್ನ ಎಂಟು ತಿಂಗಳು ಜೇಬಲ್ಲಿ ಬೈಕೊಂಡು ಓಡಾಡಿದ್ದೆ.

೫. ಅವರ ಸರದಿ

ಕೊನೇ ದಿನ ಬೆಳಗ್ಗೆ ನನ್ನ ಸಿಮ್ಮಿನ ನೆಟ್ ಮುಗಿದುಹೋಯ್ತು. ಮಧ್ಯಾಹ್ನ ಏರ್‌ಪೋರ್ಟಿಗೆ ಹೋಗಬೇಕು, ಟಿಕೆಟ್ಟೆಲ್ಲ ಫೋನಲ್ಲಿದೆ. ನಾನು ಕೈಕೈ ಹಿಸುಕ್ತಾ ಕೂತಿದ್ದಾಗ ಬೀಗರು ಸದ್ದಿಲ್ಲದೆ ಎದ್ದು ಪಕ್ಕದ ಅಂಗಡಿಗೆ ಹೋಗಿ, ತಮ್ಮ ಫೋನಿಗೇ ಒಂದು ಸಿಮ್ ಹಾಕಿಸ್ಕೊಂಡು ಬಂದರು.

"ಯೋಚನೆ ಮಾಡಬೇಡಿ ಬೀಗ್ರೆ. ನಾಲ್ಕು ದಿನ ನಿಮ್ಮ ನೆಟ್ ತಿಂದಿದೀವಿ, ಇವತ್ತು ನಮ್ಮದು" ಅಂತ ಹಾಟ್‌ಸ್ಪಾಟ್ ಆನ್ ಮಾಡಿದರು.

ನನ್ನ ಎದೆ ಹಗುರ ಆಯ್ತು. ಇವತ್ತೊಂದು ದಿನ ಆ ಕರ್ಮದ ಪಾಸ್‌ವರ್ಡಿನ ಕಾಟ ಇಲ್ಲ ಅಂತ ಖುಷಿಯಾಗಿ ಫೋನ್ ತೆಗೆದೆ. "ಹೇಳಿ ಬೀಗ್ರೆ, ನಿಮ್ಮ ಪಾಸ್‌ವರ್ಡ್ ಏನು?"

ಬೀಗರು ಬಾಯಿ ತೆಗೆದರು. ಹಾಗೇ ಮುಚ್ಚಿದರು.

"ಕೊಡಿ ಬೀಗ್ರೆ, ನಾನೇ ಹಾಕ್ತೀನಿ" ಅಂದರು. ನನ್ನ ಫೋನ್ ಇಸ್ಕೊಂಡು ಗೋಡೆ ಕಡೆ ತಿರುಗಿದರು. ಅವರ ಕಿವಿ ಕೆಂಪಾಗಿತ್ತು. ಎರಡು ಸಲ ತಪ್ಪು ಒತ್ತಿದರು.

ಅವರದ್ದೂ ಮದುವೆ ಕಾಲದ ಫೋನು. ನಾನು ಸಿಟ್ಟಿಗೆ ಅವರ ಮೇಲೆ ಒಂದು ಪಾಸ್‌ವರ್ಡ್ ಇಟ್ಟ ಹಾಗೆ ಅವರೂ ನನ್ನ ಮೇಲೆ ಒಂದು ಇಟ್ಟವ್ರೆ ಅಂತ ಅವತ್ತು ಗೊತ್ತಾಯ್ತು. ಏರ್‌ಪೋರ್ಟಿಗೆ ಹೋಗೋವರೆಗೂ ನಾನೇ ಅವರ ಹಿಂದೆ ಹಿಂದೆ ನಡೆದೆ.

ಬೀಗರು ಒತ್ತಿದ ಆ ಪಾಸ್‌ವರ್ಡ್ ಇವತ್ತಿಗೂ ನನ್ನ ಫೋನಲ್ಲೇ ಇದೆ. ತೆಗೆದು ನೋಡೋಕೆ ನನಗೆ ಧೈರ್ಯ ಬಂದಿಲ್ಲ. ಮೊನ್ನೆ ಹೆಂಡತಿ ಅದ್ಯಾರ ಹತ್ರ ಕಲಿತಳೋ, ನಾನು ಕಾಫಿ ಕುಡೀತಿದ್ದಾಗ ತೆಗೆದು ನೋಡಿಬಿಟ್ಟಳು. ಸೆರಗಲ್ಲಿ ಬಾಯಿ ಮುಚ್ಕೊಂಡು ಅಡುಗೆಮನೆಗೆ ಹೋದಳು.

"ಏನಂತ ಇಟ್ಟವ್ರೆ, ಹೇಳೇ" ಅಂದೆ.

"ಬೇಡ ಬುಡಿ" ಅಂದಳು ಒಳಗಿನಿಂದ. "ನಿಜಾನೇ ಇಟ್ಟವ್ರೆ."