ನನ್ನ ಅಭಿಪ್ರಾಯ ಏನ್ರಿ, ಮಾಸ್ತರ?

ರಾಜ್ಯಶಾಸ್ತ್ರ ಓದಿದವನಿಗೆ ರಾಜಕಾರಣಿಗಳನ್ನು ಕಂಡು ಆಶ್ಚರ್ಯವಾಗಬಾರದು ಎಂದು ವಿಶ್ವವಿದ್ಯಾಲಯದಲ್ಲಿ ನಮಗೆ ಹೇಳಿಕೊಟ್ಟಿದ್ದರು. ಹೇಳಿಕೊಟ್ಟವರು ನಮ್ಮ ಕಡೆ ಬಂದಿರಲಿಲ್ಲ. ಇಲ್ಲಿ ವಾರಕ್ಕೆ ಎರಡು ಸಲವಾದರೂ ನನ್ನ ಬಾಯಿ ತೆರೆದೇ ಉಳಿಯುತ್ತದೆ. ಕಳೆದ ದೊಡ್ಡ ಚುನಾವಣೆಯ ಮೊದಲಿನ ಎರಡು ತಿಂಗಳಂತೂ ಅದನ್ನು ಮುಚ್ಚಲು ಪುರುಸೊತ್ತಾಗಲಿಲ್ಲ.

ನಾನು ಸರ್ಕಾರಿ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಹನ್ನೊಂದು ವರ್ಷದಿಂದ ಅತಿಥಿ. ನಮ್ಮ ಕಾಲೇಜು ಅಭಿವೃದ್ಧಿ ಸಮಿತಿಯ ಸದಸ್ಯರೊಬ್ಬರು ಈ ಭಾಗದ ನಾಯಕರು. ಅವರು ಕರೆದರೆ ಹೋಗಬೇಕು. ಅವರಿಗೆ ದಿಲ್ಲಿಗೆ ಹೋಗುವ ಆಸೆ. ಪಕ್ಷದ ಟಿಕೆಟ್ ಎರಡು ಸಲ ಕೈತಪ್ಪಿತ್ತು. ಮೂರನೆಯ ಸಲವೂ ತಪ್ಪಿದರೆ ರಾಜಕಾರಣ ಬಿಟ್ಟು ಮಾವಿನ ತೋಟ ನೋಡಿಕೊಂಡಿರಬೇಕೆಂದು ಹೆಂಡತಿ ತಾಕೀತು ಮಾಡಿದ್ದರು. ತೋಟದಲ್ಲಿ ಚಪ್ಪಾಳೆ ತಟ್ಟುವವರಿರುವುದಿಲ್ಲ. ಅದೇ ಅವರ ಭಯ.

ಹಾನಗಲ್ಲ, ಹಿರೇಕೆರೂರು ಒಂದು ಲೋಕಸಭಾ ಕ್ಷೇತ್ರದಲ್ಲಿವೆ. ಶಿಗ್ಗಾಂವಿ, ಸವಣೂರು ಇನ್ನೊಂದರಲ್ಲಿ. ಯಾವುದರಿಂದ ನಿಲ್ಲುವುದೆಂದು ಅವರು ತೀರ್ಮಾನಿಸಿರಲಿಲ್ಲ. ಯಾವುದು ಕೊಟ್ಟರೂ ಸೇವೆ ಮಾಡಲು ಸಿದ್ಧರಿದ್ದರು. ಆದ್ದರಿಂದ ನಾಲ್ಕೂ ತಾಲೂಕು ತಿರುಗಿದೆವು.

ಮೂರು ವಿಷಯ

ಮೊದಲ ಸಲ ಬಂಕಾಪುರದ ಅವರ ಮನೆಗೆ ಹೋದಾಗ ನಾಯಕರು ಜೋಕಾಲಿಯ ಮೇಲೆ ಕೂತಿದ್ದರು. ಕೈಯಲ್ಲೊಂದು ಚೀಟಿ.

"ಬರ್ರಿ ಮಾಸ್ತರ, ಕುಂದರ್ರಿ. ದಿಲ್ಲಿಯಿಂದ ಪಕ್ಷದ ವೀಕ್ಷಕರು ಬರ್ತಾರಂತ. ಅವರ ಮುಂದ ಮೂರು ವಿಷಯದ ಮ್ಯಾಲೆ ಮಾತಾಡಬೇಕಂತ. ದೇಶದ ಭದ್ರತೆ, ವಲಸೆ, ಸರ್ಕಾರಿ ಖರ್ಚು. ಯಾರ ವಿಚಾರ ಗಟ್ಟಿ ಅದಾವ ಅವರಿಗೆ ಟಿಕೆಟ್."

"ಚಲೋ ಆತಲ್ರಿ," ಎಂದು ನಾನು ಪೆನ್ನು ತೆಗೆದೆ. "ಭದ್ರತೆ ಬಗ್ಗೆ ನಿಮ್ಮ ಅಭಿಪ್ರಾಯ ಏನ್ರಿ?"

ನಾಯಕರು ಜೋಕಾಲಿ ನಿಲ್ಲಿಸಿ ನನ್ನನ್ನು ಅನುಮಾನದಿಂದ ನೋಡಿದರು.

"ಅದು ನನಗ ಗೊತ್ತಿದ್ರ ನಿಮ್ಮನ್ನ ಯಾಕ ಕರಸ್ತಿದ್ದೆ?"

ವೈರಿಯಿಲ್ಲದ ಮನುಷ್ಯ

ಭದ್ರತೆಯ ಬಗ್ಗೆ ಐದು ಪುಟ ಬರೆದು ಒಯ್ದೆ. ಅವರು ಓದಲಿಲ್ಲ. ದೇಶದ ಭದ್ರತೆ ಮಾತಾಡುವವನ ಹಿಂದೆ ಒಬ್ಬ ಗನ್‌ಮ್ಯಾನ್ ಇರದಿದ್ದರೆ ಜನ ನಂಬುವುದಿಲ್ಲ ಎಂಬುದು ಅವರ ಚಿಂತೆಯಾಗಿತ್ತು. ನನ್ನನ್ನೂ ಕರೆದುಕೊಂಡು ಠಾಣೆಗೆ ಹೋದರು.

ಇನ್ಸ್‌ಪೆಕ್ಟರು ಸಭ್ಯರು. "ಸಾಹೇಬ್ರ, ನಿಮಗ ಯಾರಿಂದರ ಬೆದರಿಕೆ ಐತೇನ್ರಿ?"

"ಇಲ್ರಿ."

"ಫೋನು, ಪತ್ರ, ಏನರ?"

"ಏನೂ ಇಲ್ರಿ."

"ಯಾರ ಮ್ಯಾಲರ ಅನುಮಾನ?"

ನಾಯಕರು ಬಹಳ ಹೊತ್ತು ಯೋಚಿಸಿದರು. ಒಬ್ಬನೂ ನೆನಪಾಗಲಿಲ್ಲ. ಹೊರಗೆ ಬಂದಾಗ ಮುಖ ಸಣ್ಣದಾಗಿತ್ತು. ಕಾರಿನಲ್ಲಿ ಕೂತ ಮೇಲೆ ನಿಧಾನಕ್ಕೆ ನನ್ನ ಕಡೆ ತಿರುಗಿದರು.

"ಮಾಸ್ತರ, ನಿಮ್ಮ ಅಕ್ಷರ ಚೆಂದ ಅದಾವ. ನನಗೊಂದು ಬೆದರಿಕೆ ಪತ್ರ ಬರದುಕೊಡ್ರಿ."

ನನ್ನ ಎರಡು ಸ್ನಾತಕೋತ್ತರ ಪದವಿಗಳಲ್ಲಿ ಇದನ್ನು ಬರೆಯುವುದು ಹೇಳಿಕೊಟ್ಟಿರಲಿಲ್ಲ. "ಜೇಲಿಗೆ ಹೊಕ್ಕೇನ್ರಿ ಸಾಹೇಬ್ರ," ಎಂದೆ.

"ಟಿಕೆಟ್ ಸಿಗಲಿ ತಡೀರಿ, ಬಿಡಸ್ತೇನಿ."

ನಾನು ಬರೆಯಲಿಲ್ಲ. ಕೊನೆಗೆ ನಾಯಕರು ಹುಬ್ಬಳ್ಳಿಯಲ್ಲಿ ಕಾವಲುಗಾರನಾಗಿದ್ದ ಒಬ್ಬ ದಪ್ಪ ಮೀಸೆಯವನಿಗೆ ಸಫಾರಿ ಹೊಲಿಸಿ ಹಿಂದೆ ನಿಲ್ಲಿಸಿಕೊಂಡರು. ಈ ವ್ಯವಸ್ಥೆ ನೋಡಿದ ಅವರ ಹೆಂಡತಿ ನನಗೆ ಚಹಾ ಕೊಡುತ್ತ ಹೇಳಿದರು:

"ಇವರನ್ನ ಕೊಲ್ಲಾಕ ಯಾರು ಬರ್ತಾರ್ರಿ ಸರ್? ಊಟಕ್ಕ ಕರಿಯಾಕ ಸೈತ ಯಾರೂ ಬರಂಗಿಲ್ಲ."

ಸವಣೂರಿನ ಎಲೆ

ಮೊದಲ ಸಭೆ ಸವಣೂರಿನಲ್ಲಿ. ನಾನು ಬರೆದದ್ದನ್ನು ಅವರು ಕಷ್ಟಪಟ್ಟು ಬಾಯಿಪಾಠ ಮಾಡಿದ್ದರು. ಶತ್ರು ದೇಶದ ಜೊತೆ ಮಾತಿಲ್ಲ, ಕತೆಯಿಲ್ಲ, ವ್ಯಾಪಾರವಿಲ್ಲ. ನಮ್ಮ ನೆಲದ ಒಂದು ಹುಲ್ಲುಕಡ್ಡಿಯೂ ಅತ್ತ ಹೋಗಕೂಡದು. ಚಪ್ಪಾಳೆ ಬಿತ್ತು. ನಾಯಕರು ಗೆದ್ದೆನೆಂಬಂತೆ ನನ್ನತ್ತ ನೋಡಿದರು.

ಆಗ ವೀಳ್ಯದೆಲೆ ಬಳ್ಳಿಯ ತೋಟದ ಮುದುಕರೊಬ್ಬರು ಎದ್ದು ನಿಂತರು.

"ಸಾಹೇಬ್ರ, ಒಂದು ಮಾತು. ಹಿಂದಕ ನಮ್ಮ ಎಲಿ ಅವರ ದೇಶಕ್ಕೂ ಹೊಕ್ಕಿತ್ತಂತ ನಮ್ಮಪ್ಪ ಹೇಳತಿದ್ದ. ನಿಂತು ಭಾಳ ದಿನಾತು. ತಿರುಗಿ ಚಾಲೂ ಮಾಡಸ್ತೀರೇನು ಅಂತ ಕೇಳಾಕ ನಾವೆಲ್ಲಾ ಬಂದೀವಿ."

ಅವರ ಹಿಂದೆ ನಾಲ್ಕು ಸಾಲು ಕುರ್ಚಿಗಳು ತಲೆಯಾಡಿಸಿದವು. ನಾಯಕರು ಮತಗಳನ್ನು ಕಣ್ಣಲ್ಲೇ ಎಣಿಸಿದರು.

"ಚಾಲೂ ಮಾಡಸೂದ ಐತಿ. ಮೊದಲನೇ ಕೆಲಸ ಅದ."

"ಮತ್ತ ಹುಲ್ಲುಕಡ್ಡೀನೂ ಹೋಗಬಾರದು ಅಂದ್ರಿ?" ಎಂದು ಮುಂದಿದ್ದ ಒಬ್ಬ ಪದವಿ ವಿದ್ಯಾರ್ಥಿ ಕೇಳಿದ. ನನ್ನ ವಿದ್ಯಾರ್ಥಿಯೇ. ಪರೀಕ್ಷೆಯಲ್ಲಿ ಇಷ್ಟು ಗಮನ ಕೊಟ್ಟಿದ್ದನ್ನು ನಾನು ಕಂಡಿರಲಿಲ್ಲ.

ನಾಯಕರು ಒಂದು ಗಳಿಗೆಯೂ ತಡೆಯಲಿಲ್ಲ.

"ತಮ್ಮಾ, ವಿಚಾರ ಮಾಡು. ನಮ್ಮ ಎಲಿ ತಿಂದವನ ಬಾಯಿ ಕೆಂಪ ಆಕ್ಕೈತಿ. ಗಡಿ ದಾಟಿ ಬಂದ್ರ ನಮ್ಮ ಸೈನಿಕರಿಗೆ ದೂರಿಂದನ ಗುರುತು ಸಿಗತೈತಿ. ಇದೂ ಭದ್ರತೆನ."

ಆವತ್ತಿನ ಅತಿ ದೊಡ್ಡ ಚಪ್ಪಾಳೆ ಅದಕ್ಕೇ ಬಿತ್ತು.

ಎಂಟು ಎಕರೆ

ವಲಸೆಯ ಭಾಷಣ ಹಿರೇಕೆರೂರು ತಾಲೂಕಿನ ಮಾಸೂರು ಬಳಿ. ಮದಗದ ಕೆರೆಯ ನೀರು ಬಿಟ್ಟಿದ್ದರು, ಭತ್ತದ ನಾಟಿ ನಡೆದಿತ್ತು. ಹೊರಗಿನಿಂದ ಬಂದವರು ನಮ್ಮವರ ಕೆಲಸ ಕಸಿಯುತ್ತಿದ್ದಾರೆ, ಅವರು ಕೂಡಲೇ ಜಾಗ ಖಾಲಿ ಮಾಡಬೇಕು ಎಂದು ನಾಯಕರು ಗುಡುಗಿದರು. ಮುಂದಿನ ಮೂರು ಸಾಲಿನವರು ಬಿಡುವಿಲ್ಲದೆ ಚಪ್ಪಾಳೆ ತಟ್ಟುತ್ತಿದ್ದರು. ಅಂಥ ಹುರುಪನ್ನು ನಾವು ಯಾವ ಊರಲ್ಲೂ ಕಂಡಿರಲಿಲ್ಲ.

ಹಿಂದಿನ ಸಾಲಿನಿಂದ ರೈತನೊಬ್ಬ ವೇದಿಕೆಗೇ ನಡೆದು ಬಂದ. ಮೈಕಿನ ಪಕ್ಕ ನಿಂತು ಮೆಲ್ಲಗೆ ಹೇಳಿದ. ಮೈಕು ಅದನ್ನು ಎಲ್ಲರಿಗೂ ಹೇಳಿತು.

"ಸಾಹೇಬ್ರ, ಓಡಸ್ರಿ, ಬ್ಯಾಡ ಅನ್ನಂಗಿಲ್ಲ. ನನ್ನದು ಇನ್ನೂ ಎಂಟು ಎಕರೆ ನಾಟಿ ಉಳದೈತಿ. ನಮ್ಮ ಹುಡುಗರು ಗದ್ದ್ಯಾಗ ಇಳಿಯಂಗಿಲ್ಲ. ಇವರು ಹ್ವಾದ್ರ ನೀವು ಬಂದು ಹಚ್ತೀರೇನು?"

ನಾಯಕರು ತಲೆಯಾಡಿಸಿ, ಗಂಟಲು ಸರಿಮಾಡಿಕೊಂಡು, ಅದೇ ದನಿಯಲ್ಲಿ ಮುಂದುವರಿಸಿದರು. "ಎಂಟು ಎಕರೆ ಮುಗಿದ ಮರುಗಳಿಗೆ, ಒಂದೇ ಒಂದು ಗಳಿಗೆ ತಡಮಾಡದೆ, ಅವರು ಈ ನೆಲ ಬಿಡಬೇಕು."

ಮುಂದಿನ ಮೂರು ಸಾಲು ಎದ್ದು ನಿಂತು ಚಪ್ಪಾಳೆ ತಟ್ಟಿತು. ಸಭೆ ಮುಗಿದ ಮೇಲೆ ಸಂಘಟಕನನ್ನು ಕೇಳಿದೆ, "ಮುಂದ ಕುಂತವರು ಯಾವ ಊರಾವರು? ಭಾರಿ ಬೆಂಬಲ ಐತಲ್ಲ?"

"ಅವರಾ? ನಾಟಿ ಮಂದಿ ರೀ. ದೂರದ ರಾಜ್ಯದಾವರು. ಕುರ್ಚಿ ಖಾಲಿ ಅದಾವಂತ ಕರಕೊಂಡು ಬಂದು ಕುಂದರಿಸಿದ್ವಿ. ಕನ್ನಡ ತಿಳಿಯಂಗಿಲ್ಲ, ಆದ್ರ ಭಾಳ ಒಳ್ಳೆ ಮಂದಿ."

ಉಳಿದದ್ದು ಒಂದೇ

ಸರ್ಕಾರಿ ಖರ್ಚಿನ ಬಗ್ಗೆ ಹಾನಗಲ್ಲಿನಲ್ಲಿ ಮಾತಾಡುವುದಿತ್ತು. ಖರ್ಚು ಕಡಿಮೆ ಮಾಡಬೇಕೆಂದರೆ ಯಾವುದನ್ನು ಎಂದು ಹೇಳಬೇಕಾಗುತ್ತದೆ. ನಾನು ಇಪ್ಪತ್ತು ಬಾಬತ್ತುಗಳ ಪಟ್ಟಿ ಮಾಡಿ ಪ್ರವಾಸಿ ಮಂದಿರಕ್ಕೆ ಒಯ್ದೆ. ನಾಯಕರು ಕೆಂಪು ಪೆನ್ನು ಹಿಡಿದು ಕೂತರು.

"ಗೊಬ್ಬರದ ಸಬ್ಸಿಡಿ ಬ್ಯಾಡ್ರಿ, ರೈತರು ಹೊಡೀತಾರ. ಹೆಣ್ಮಕ್ಕಳ ಖಾತೆಗೆ ಹಾಕೂದು ಮುಟ್ಟಬ್ಯಾಡ್ರಿ, ನಮ್ಮ ಮನ್ಯಾಗ ನನಗ ಊಟ ಬೇಕು. ವೃದ್ಧಾಪ್ಯ ವೇತನ? ನಮ್ಮ ಅತ್ತಿ ತಗೊಂತಾಳ. ಗುತ್ತಿಗೆದಾರರದು ಯಾಕ ಬರದೀರಿ? ಮಂಟಪ ಹಾಕಿಸಿದವರ ಅವರು. ಮಠಮಾನ್ಯಗಳ ಅನುದಾನ, ರಾಮ ರಾಮ."

ಒಂದೊಂದಾಗಿ ಗೀಟು ಬಿತ್ತು. ಹತ್ತೊಂಬತ್ತು ಹೋದವು. ಕೊನೆಯದರ ಮೇಲೆ ಪೆನ್ನು ನಿಂತಿತು. ಅವರ ಮುಖ ಅರಳಿತು. ನಾನು ಪಟ್ಟಿಯನ್ನು ಇಲಾಖೆಯ ಯಾವುದೋ ಕಡತ ನೋಡಿ ಯಾಂತ್ರಿಕವಾಗಿ ಇಳಿಸಿದ್ದೆ. ಕೊನೆಯ ಸಾಲನ್ನು ನಾನೂ ಸರಿಯಾಗಿ ನೋಡಿರಲಿಲ್ಲ. ಬಗ್ಗಿ ನೋಡಿದೆ: ಅತಿಥಿ ಉಪನ್ಯಾಸಕರ ಗೌರವಧನ.

"ಇದೊಂದು ಉಳೀತು ನೋಡ್ರಿ ಮಾಸ್ತರ. ಯಾರೂ ಜಗಳಕ್ಕ ಬರಂಗಿಲ್ಲ. ಇದರ ಮ್ಯಾಲೆ ನಾಕು ಪುಟ ಚೆಂದಾಗಿ ಬರೀರಿ."

ಬರೆದೆ. ಹಾನಗಲ್ಲಿನ ಜನಕ್ಕೆ ಬಹಳ ಹಿಡಿಸಿತು.

ವೀಕ್ಷಕರು ಬಂದ ಮಂಗಳವಾರ

ಕೊನೆಗೂ ದಿಲ್ಲಿಯ ವೀಕ್ಷಕರು ಬರುವ ದಿನ ಗೊತ್ತಾಯಿತು. ನಾಯಕರು ತಮ್ಮ ಹುಟ್ಟೂರನ್ನೇ ಆರಿಸಿದರು. ಶಿಗ್ಗಾಂವಿ ತಾಲೂಕಿನಲ್ಲಿ, ಹಿರೇಬೆಂಡಿಗೇರಿ ಕಡೆಯ ಒಂದು ಹಳ್ಳಿ. ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಶಾಲೆಯ ಬಯಲಿನಲ್ಲಿ ಸಭೆ ಎಂದು ಅವರ ಹುಡುಗರು ವಾಟ್ಸಾಪಿನಲ್ಲಿ ಹಾಕಿದರು. ಅದೇ ಮಂಗಳವಾರ ಹೊರಬೀಡು ಎಂದು ಊರಿನಲ್ಲಿ ಡಂಗುರ ಹೊಡೆಸಿದ್ದರು. ಡಂಗುರ ಬಂಕಾಪುರದವರೆಗೆ ಕೇಳುವುದಿಲ್ಲ.

ಊರಲ್ಲಿ ಜಡ್ಡು ಹೆಚ್ಚಾದರೆ, ದನಕರು ಸತ್ತರೆ, ಹಿರಿಯರು ಸೇರಿ ಹೊರಬೀಡು ಇಡುತ್ತಾರೆ. ನಸುಕಿನಲ್ಲೇ ಇಡೀ ಊರು ಮನೆಗಳಿಗೆ ಕೀಲಿ ಹಾಕಿ, ದನಕರು, ಪಾತ್ರೆ ಪಡಗ ಸಮೇತ ಹೊರಗೆ ಹೋಗಿ ಮರಗಳಡಿ ಒಲೆ ಹೂಡುತ್ತದೆ. ಊರ ದಾರಿಗೆ ಜಾಲಿ ಮುಳ್ಳು ಬೀಳುತ್ತದೆ. ಸಂಜೆ ಪೂಜೆಯಾಗಿ ಮುಳ್ಳು ತೆಗೆಯುವವರೆಗೆ ಒಬ್ಬರೂ ಒಳಗೆ ಕಾಲಿಡುವಂತಿಲ್ಲ. ಇಟ್ಟರೆ ಎಲ್ಲ ಹಾಳು. ಮುಂದಿನ ಮಂಗಳವಾರ ಮತ್ತೆ ಮೊದಲಿನಿಂದ.

ನಮ್ಮ ಮೂರು ಕಾರುಗಳು ಮುಳ್ಳಿನ ಮುಂದೆ ನಿಂತವು. ಮುಳ್ಳಿನ ಪಕ್ಕ ಕೋಲು ಹಿಡಿದು ಕೂತಿದ್ದವರು ನಾಯಕರ ಸ್ವಂತ ದೊಡ್ಡವ್ವ. ಅಕ್ಕಪಕ್ಕದ ಹೊಲಗಳ ತುಂಬ ಜನ. ನಾಯಕರು ಇಳಿದರು.

"ದೊಡ್ಡವ್ವಾ, ಮುಳ್ಳು ತಗಿ. ದಿಲ್ಲಿಯವರು ಬಂದಾರ."

"ದಿಲ್ಲಿಯವರು ಬರ್ಲಿ, ದೇವರು ಬರ್ಲಿ, ಹೊತ್ತು ಮುಣಗೂತನಕ ಯಾರನ್ನೂ ಬಿಡಂಗಿಲ್ಲ. ಇವತ್ತು ಹೊರಬೀಡು ಅನ್ನೂದು ಗೊತ್ತಿಲ್ಲೇನು ನಿನಗ?"

"ನಾ ಈ ಊರಾಂವ ಅಲ್ಲೇನು?"

"ಊರಾಂವ ಆಗಿದ್ರ ನಸಕಿನ್ಯಾಗ ನಮ್ಮ ಜೋಡಿ ಹೊರಗ ಬರ್ತಿದ್ದಿ. ಈಗ ಕಾರಿನ್ಯಾಗ ಬಂದೀದಿ. ಹೊರಗಿನಾಂವ. ಮುಳ್ಳು ಮುಟ್ಟಿದ್ರ ಕೈ ಮುರೀತೇನಿ."

ಅಷ್ಟರಲ್ಲಿ ವೀಕ್ಷಕರು ಇಳಿದು ಬಂದರು. ಅವರಿಗೆ ಹಿಂದಿ ಮಾತ್ರ ಬರುತ್ತಿತ್ತು. ನಾಯಕರ ಹಿಂದಿ ಸಂತೆಯ ವ್ಯಾಪಾರಕ್ಕೆ ಸಾಕು, ಟಿಕೆಟ್ಟಿಗೆ ಸಾಲದು. ಆದ್ದರಿಂದ ನಾನು ದುಭಾಷಿ.

"ಈ ತಾಯಿ ಏನು ಹೇಳುತ್ತಿದ್ದಾರೆ?" ಎಂದು ವೀಕ್ಷಕರು ಕೇಳಿದರು. ನಾಯಕರ ಮುಖ ಬೂದಿಯಾಗಿತ್ತು. ಮಾವಿನ ತೋಟ ಅವರ ಕಣ್ಣ ಮುಂದೆಯೇ ನಿಂತಂತಿತ್ತು.

ನಾನು ಸುಳ್ಳು ಹೇಳಲಿಲ್ಲ. "ಅನುಮತಿಯಿಲ್ಲದೆ ಹೊರಗಿನವರು ಗಡಿ ದಾಟುವಂತಿಲ್ಲ ಎನ್ನುತ್ತಿದ್ದಾರೆ. ದಿಲ್ಲಿಯವರಾದರೂ ಬಿಡುವುದಿಲ್ಲವಂತೆ. ಪ್ರಯತ್ನಪಟ್ಟರೆ ಕೈ ಮುರಿಯುತ್ತಾರಂತೆ."

ವೀಕ್ಷಕರು ಕನ್ನಡಕ ತೆಗೆದರು. "ಇಷ್ಟು ಜನ ಎಲ್ಲಿಯವರು?"

"ಇಡೀ ಊರೇ ಇಲ್ಲಿದೆ."

"ಮನೆಗಳಲ್ಲಿ ಯಾರಿದ್ದಾರೆ?"

"ಒಬ್ಬರೂ ಇಲ್ಲ. ಕೀಲಿ ಹಾಕಿಕೊಂಡು ಬಂದಿದ್ದಾರೆ. ನಸುಕಿನಿಂದ ಇಲ್ಲೇ ಇದ್ದಾರೆ."

"ಊಟ?"

"ಅವರವರದೇ."

"ಪಕ್ಷದ ಖರ್ಚಿಲ್ಲವೇ?"

"ಸರ್ಕಾರದ್ದೂ ಇಲ್ಲ."

ಒಂದೊಂದು ಮಾತೂ ನಿಜ. ವೀಕ್ಷಕರು ಕನ್ನಡಕ ಮತ್ತೆ ಹಾಕಿಕೊಂಡು ಹೊಲಗಳ ಜನರನ್ನೊಮ್ಮೆ ನೋಡಿದರು. ಆಮೇಲೆ ನಾಯಕರ ಭುಜ ಹಿಡಿದುಕೊಂಡರು. "ಮೂವತ್ತು ವರ್ಷದಿಂದ ಸಭೆ ನೋಡುತ್ತಿದ್ದೇನೆ. ಎಲ್ಲ ಕಡೆ ಬಸ್ಸು ಕಳಿಸಿ, ಊಟ ಹಾಕಿ ಜನ ತರುತ್ತಾರೆ. ನಿಮ್ಮವರು ದನಗಳನ್ನೂ ಕರೆದುಕೊಂಡು ತಾವಾಗಿ ಬಂದಿದ್ದಾರೆ. ನಿಮ್ಮ ವಿಚಾರ ಮುದುಕಿಯರವರೆಗೆ ಇಳಿದಿದೆ. ಇನ್ನು ಭಾಷಣ ಏಕೆ?"

ದೊಡ್ಡವ್ವನಿಗೆ ಕೈ ಮುಗಿದು ಅವರು ನಿಂತರು. ದೊಡ್ಡವ್ವ ಸೊಸೆಯನ್ನು ಕೂಗಿದರು. "ಈ ಮಂದಿಗೆ ಎರಡೆರಡು ರೊಟ್ಟಿ ಕೊಟ್ಟು ಕಳಸ. ಬಿಸಲಾಗ ನಿಂತು ಕೆಟ್ಟಾರ."

ಹತ್ತು ದಿನಕ್ಕೆ ಟಿಕೆಟ್ ಬಂತು, ಹಾನಗಲ್ಲ ಇರುವ ಕ್ಷೇತ್ರದ್ದು. ನಾನು ಪತ್ರಿಕೆಯನ್ನು ಮೂರು ಸಲ ಓದಿದೆ. ಮಧ್ಯಾಹ್ನ ನಾಯಕರ ಫೋನು. ದನಿಯಲ್ಲಿ ಸಂತೋಷವಿರಲಿಲ್ಲ.

"ಮಾಸ್ತರ, ಗಂಡಾಂತರ ಬಂತು. ವೀಕ್ಷಕರು ದಿಲ್ಲ್ಯಾಗ ಎಲ್ಲಾ ಹೇಳಿಬಿಟ್ಟಾರ. ಬರೂ ವಾರ ಪಕ್ಷದ ದೊಡ್ಡವರ ಬರ್ತಾರಂತ. ಹಾನಗಲ್ಲದಾಗೂ ಹಂಗ ಮಂದಿ ಮನಿಗೆ ಕೀಲಿ ಹಾಕ್ಕೊಂಡು ಹೊರಗ ಬಂದಿರಬೇಕಂತ. ಇಡೀ ಪ್ಯಾಟಿ ಖಾಲಿ ಮಾಡಸೂದು ಹೆಂಗ್ರಿ?"

"ನೀವು ಅಲ್ಲಿ ನಿಂತು ಒಂದು ತಾಸು ಭಾಷಣ ಮಾಡ್ರಿ ಸಾಹೇಬ್ರ," ಎಂದೆ.

ಆ ಕಡೆ ಜೋಕಾಲಿಯ ಕಿರುಗುಟ್ಟುವಿಕೆ ನಿಂತಿತು. ಈ ಸಲ ನಿಜಕ್ಕೂ ನನ್ನ ಅತಿಥಿ ಸೇವೆ ಮುಗಿಯಿತೆಂದುಕೊಂಡೆ.

"ಒಂದು ತಾಸು ಸಾಕೇನ್ರಿ?" ಎಂದರು.