ಎರಡು ಸರ್ಕಾರಗಳ ನಡುವೆ ನಮ್ಮ ಎಮ್ಮೆ

ಬರೆಯಲು ಬಲ್ಲವನಿಗೆ ಎಲ್ಲಿ ನಿಲ್ಲಿಸಬೇಕೆಂಬುದು ತಿಳಿಯುವುದಿಲ್ಲ. ಶಾನುಭೋಗನಾದ ನನಗಂತೂ ಇದು ಹುಟ್ಟುಗುಣ. ಗೇಣುದ್ದದ ಬೇಲಿ ತಕರಾರಿಗೂ ನಾಲ್ಕು ಪುಟದ ಅರ್ಜಿ ಬರೆಯುತ್ತೇನೆ. ತವರಿಗೆ ಹೋಗಿದ್ದ ಹೆಂಡತಿಗೆ ಒಮ್ಮೆ ಕಾಗದ ಬರೆದಾಗ, ಕೈತಪ್ಪಿ, ನಮ್ಮ ಮನೆಯ ಪೂರ್ವಕ್ಕೆ ಯಾರಿದ್ದಾರೆ, ಪಶ್ಚಿಮಕ್ಕೆ ಏನಿದೆ ಎಂದು ಚಕ್ಕುಬಂದಿಯನ್ನೂ ಹಾಕಿಬಿಟ್ಟಿದ್ದೆ. ಅವಳ ಅಣ್ಣಂದಿರು ಅದನ್ನು ಬೀದಿಗೆಲ್ಲ ಓದಿ ಹೇಳಿದರಂತೆ.

ನಮ್ಮೂರು ದೇವನಹಳ್ಳಿ ತಾಲ್ಲೂಕಿನದು. ಯುದ್ಧದ ಕಾಲದಲ್ಲಿ ಸಿಪಾಯಿಗಳ ಪಟಾಲಮ್ಮು ಇಳಿಯಲೆಂದು ಊರ ಗೋಮಾಳವನ್ನು ದಿಲ್ಲಿ ಸರ್ಕಾರ ತೆಗೆದುಕೊಂಡಿತು. ಯುದ್ಧ ಮುಗಿದು ಪಟಾಲಮ್ಮು ಹೋಯಿತು. ಮುಳ್ಳುತಂತಿಯೂ ಕಾವಲಿಗೆ ನಿಂತಿದ್ದ ಹೊಸಕೋಟೆಯ ಬಾಷಾ ಸಾಬರೂ ಉಳಿದರು. ಒಳಗೆ ನುಗ್ಗಿದ ದನವನ್ನೆಲ್ಲ ಸಾಬರು ತಪ್ಪದೆ ದೊಡ್ಡಿಗೆ ಹೊಡೆಯುತ್ತಿದ್ದರು, ಒಂದನ್ನು ಬಿಟ್ಟು. ಆ ಒಂದು ನಮ್ಮ ಮನೆಯ ಎಮ್ಮೆ. ನನ್ನ ಹೆಂಡತಿ ದಿನವೂ ಅವರಿಗೆ ಒಂದು ಚೆಂಬು ಮಜ್ಜಿಗೆ ಕಳಿಸುತ್ತಿದ್ದಳು. ಇದು ಲಂಚವಲ್ಲವೇ ಎಂದು ನೀವು ಕೇಳಬಹುದು. ನಾನು ಕೇಳಿಕೊಂಡಿರಲಿಲ್ಲ.

ಹೀಗಿರಲು ಪಟೇಲ ಮುನಿಶಾಮಪ್ಪ ಮನೆಗೆ ಬಂದು ಜಗಲಿಯ ಮೇಲೆ ಕೂತರು. ದನಗಳ ಪಕ್ಕೆಲುಬು ಎಣಿಸಬಹುದಾಗಿದೆ, ಗೋಮಾಳ ದಿಲ್ಲಿಯಿಂದ ನಮ್ಮ ಮೈಸೂರು ಸಂಸ್ಥಾನಕ್ಕೆ ವಾಪಸು ಬರಬೇಕು ಎಂದರು. "ದಿಲ್ಲಿಯೋರು ತಲೆ ಎತ್ಬಾರ್ದು, ಹಂಗೆ ಬರ್ಕೊಡಿ ಸ್ವಾಮಿ" ಎಂದು ಕೇಳಿಕೊಂಡರು. ಇಂಥ ಮಾತಿಗೇ ನಾನು ಕರಗುವುದು. ಮದುವೆಗೆಂದು ಒಯ್ದ ಕೊಪ್ಪರಿಗೆಯನ್ನು ಮದುವೆ ಮುಗಿದ ಮೇಲೂ ಇಟ್ಟುಕೊಳ್ಳುವ ಹಕ್ಕು ಬೀಗರಿಗೆ ಹೇಗಿಲ್ಲವೋ ಹಾಗೆಯೇ ಯುದ್ಧ ಮುಗಿದ ಮೇಲೆ ದಿಲ್ಲಿಗೆ ಈ ನೆಲದ ಹಕ್ಕಿಲ್ಲ ಎಂದು ವಾದ ಹೂಡಿದೆ. ತಂತಿ ಹಾಕಿದಂದಿನಿಂದ ನಮ್ಮೂರಿನ ಒಂದು ಕರುವೂ ಒಳಗೆ ಕಾಲಿಟ್ಟಿಲ್ಲ, ಅಷ್ಟು ವಿಧೇಯರು ನಾವು ಎಂದೂ ಸೇರಿಸಿದೆ. ಅಷ್ಟಕ್ಕೆ ಬಿಡಬಹುದಿತ್ತು. ಆದರೆ ಹಳೆಯ ಕ್ರಯಪತ್ರಗಳ ಧಾಟಿ ಕೈಗೆ ಹತ್ತಿಬಿಟ್ಟಿತ್ತು. ಸದರಿ ನೆಲವನ್ನು ಅದರ ಮೇಲಿರುವ ತರು, ಜಲ, ಪಾಷಾಣ, ಸ್ಥಾವರ, ಜಂಗಮ ಸಮಸ್ತ ಸಮೇತ ಸಂಸ್ಥಾನಕ್ಕೆ ಒಪ್ಪಿಸಬೇಕು ಎಂದು ಬರೆದು, ಎರಡು ಸಲ ಗಟ್ಟಿಯಾಗಿ ಓದಿಕೊಂಡು ಸಂತೋಷಪಟ್ಟೆ.

ವಾದ ಗೆದ್ದಿತು. ಒಪ್ಪಿಸುವ ದಿನ ದಿಲ್ಲಿಯ ಕಡೆಯ ದೊರೆಯೊಬ್ಬರೂ ಸಂಸ್ಥಾನದ ಕಡೆಯ ನಮ್ಮ ಶೇಕ್ದಾರರೂ ಪಟ್ಟಿ ಹಿಡಿದು ಬಂದರು. ತಗಡಿನ ಷೆಡ್ಡು ಒಂದು, ನೀರಿನ ತೊಟ್ಟಿ ಒಂದು ಎಂದು ಬರೆಯುತ್ತಾ ಹೋದರೆ, ತೊಟ್ಟಿಯ ಹಿಂದೆ ನಮ್ಮ ಎಮ್ಮೆ ಮೆಲುಕು ಹಾಕುತ್ತಾ ಮಲಗಿತ್ತು. ಇದು ಯಾರದು ಎಂದು ದೊರೆ ಕೇಳಿದರು. ಬಾಷಾ ಸಾಬರು ನನ್ನ ಮುಖ ನೋಡಿದರು. ನನ್ನದೆಂದರೆ ಸಾಬರ ಕೆಲಸ ಹೋಗುತ್ತದೆ, ನನ್ನ ಅರ್ಜಿ ಸುಳ್ಳಾಗುತ್ತದೆ, ಶಾನುಭೋಗಿಕೆಗೂ ಕುತ್ತು. ನಾನು ಆಕಾಶ ನೋಡಿದೆ.

"ಸರ್ಕಾರದ್ದು, ಸಾಬ್" ಎಂದರು ಬಾಷಾ ಸಾಬರು. ಎಮ್ಮೆ ಒಂದು ಎಂದು ಪಟ್ಟಿಗೆ ಸೇರಿತು.

ಊರ ದನಗಳೆಲ್ಲ ಈಗ ಗೋಮಾಳದಲ್ಲಿ ಮೇಯುತ್ತವೆ. ನಮ್ಮ ಎಮ್ಮೆ ಮಾತ್ರ ಹೋಗುವಂತಿಲ್ಲ. ಗೋಮಾಳ ಊರ ದನಗಳಿಗೆ, ಇದು ಸಂಸ್ಥಾನದ್ದು. ಸ್ಥಳದಲ್ಲಿರುವ ಜವಾಬ್ದಾರಿಯುತ ನೌಕರನ ವಶದಲ್ಲಿ ಇದನ್ನು ಇಡತಕ್ಕದ್ದು, ಹಾಲನ್ನು ದೇವನಹಳ್ಳಿಯ ಮುಸಾಫಿರ್ ಬಂಗಲೆಗೆ ತಲುಪಿಸತಕ್ಕದ್ದು ಎಂದು ಅಮಲ್ದಾರರ ಹುಕುಂ ಆಯಿತು. ಆ ನೌಕರ ನಾನೇ. ಹುಲ್ಲು ನನ್ನದು, ಹಿಂಡಿ ನನ್ನದು, ಒದೆಸಿಕೊಳ್ಳುವವಳು ನನ್ನ ಹೆಂಡತಿ. ಎಮ್ಮೆ ನನ್ನದಲ್ಲವೆಂದು ತಿಂಗಳಿಗೊಮ್ಮೆ ರುಜು ಹಾಕಿಕೊಡುತ್ತೇನೆ.

ಹೆಂಡತಿಯ ಕಾಟಕ್ಕೆ ಒಮ್ಮೆ ಶೇಕ್ದಾರರ ಬಳಿಗೆ ಹೋಗಿ ಗುಟ್ಟಾಗಿ ನಿಜ ಹೇಳಿದೆ. ಅವರು ನನ್ನ ಅರ್ಜಿಯನ್ನೇ ತೆಗೆಸಿ ನಿಧಾನವಾಗಿ ಓದಿದರು. "ಜಂಗಮ ಸಮಸ್ತ ಅಂತ ಇಷ್ಟು ಬಿಗಿಯಾಗಿ ಬರ್ದಿದ್ದೀರಲ್ರೀ, ಇದರಲ್ಲಿ ಒಂದು ಎಮ್ಮೆ ನುಸುಳೋಕಾಗುತ್ತೇನ್ರೀ?" ಎಂದರು. ಸುಳ್ಳು ಏಕೆ ಹೇಳಲಿ, ಮನೆಗೆ ಬರುವ ದಾರಿಯುದ್ದಕ್ಕೂ ನನಗೆ ಒಳಗೊಳಗೇ ಹಿಗ್ಗಾಗುತ್ತಿತ್ತು.

ಏನಾಯಿತು ಎಂದು ಹೆಂಡತಿ ಬಾಗಿಲಲ್ಲೇ ಕೇಳಿದಳು. ನನ್ನ ಬರವಣಿಗೆಯನ್ನು ಬಹಳ ಹೊಗಳಿದರು ಎಂದೆ. ಅವಳು ಒಳಗೆ ಹೋಗಿ ಹಾಲಿನ ಪಾತ್ರೆ ತಂದು ನನ್ನ ಕೈಗಿಟ್ಟು, "ಬಂಗಲೆಯೋರು ಕಾಯ್ತಿರ್ತಾರೆ, ಅವರಿಗೂ ಓದಿ ಹೇಳಿ ಬನ್ನಿ" ಎಂದಳು.